‘ಸಾಹಸ’ ಅನ್ನೋ ಪದಕ್ಕೆ ಹಿಂದೆ ‘ಅಪರಾಧ’ ಎಂಬ ಅರ್ಥ ಇತ್ತಂತೆ, ನಿಜವೇ?

ಹೌದು, ನಿಜ. ಸುಮ್ನೆ ಅಪರಾಧ ಅಲ್ಲ, ಬಲ ಬಳಸಿ ಮಾಡಿದ ಅಪರಾಧ.

ಪದದ ಬೇರು ಸಂಸ್ಕೃತದ ‘ಸಹಸ್’. ಹಾಗಂದ್ರೆ ಬಲ, ಕಸುವು. ಋಗ್ವೇದದಲ್ಲಿ ಅಗ್ನಿಯನ್ನು ‘ಸಹಸ್ಸಿನ ಮಗ’ ಅಂತ ಕರೆಯುತ್ತಾರೆ. ಆದರೆ ಕಾನೂನಿನ ಗ್ರಂಥಗಳಿಗೆ ಬಂದರೆ ಕಥೆಯೇ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರ ಒಂದು ಚಂದದ ಗೆರೆ ಎಳೆಯುತ್ತದೆ: ಒಡೆಯನ ಕಣ್ಣೆದುರೇ ಬಲವಂತವಾಗಿ ಕಿತ್ತುಕೊಂಡರೆ ಅದು ಸಾಹಸ, ಅವನಿಲ್ಲದಾಗ ಎತ್ತಿಕೊಂಡು ಹೋದರೆ ಕಳ್ಳತನ. ಈಗಿನ ಮಾತಲ್ಲಿ ದರೋಡೆಗೂ ಕಳ್ಳತನಕ್ಕೂ ಇರುವ ವ್ಯತ್ಯಾಸವೇ ಇದು, ಅಲ್ವಾ? ದಂಡಕ್ಕೂ ಇದೇ ಹೆಸರು ಅಂಟಿತು. ಮನುಸ್ಮೃತಿಯ ಲೆಕ್ಕದಲ್ಲಿ ಪ್ರಥಮ ಸಾಹಸ 250 ಪಣ (ಆಗಿನ ಕಾಲದ ನಾಣ್ಯ), ಮಧ್ಯಮ ಸಾಹಸ 500, ಉತ್ತಮ ಸಾಹಸ 1000. ಇಲ್ಲಿ ‘ಉತ್ತಮ’ ಅಂದರೆ ಒಳ್ಳೆಯದು ಅಲ್ಲ, ಎಲ್ಲಕ್ಕಿಂತ ಜಾಸ್ತಿ ದಂಡ!

ಹಾಗಾದ್ರೆ ಹೊಗಳಿಕೆ ಹೇಗೆ ಬಂತು? ಮುಂದೇನಾಗುತ್ತೋ ಅಂತ ನೋಡದೆ ನುಗ್ಗುವ ಗುಣ ದರೋಡೆಕೋರನಲ್ಲೂ ಇದೆ, ಯುದ್ಧಕ್ಕಿಳಿದ ವೀರನಲ್ಲೂ ಇದೆ. ಎರಡೂ ಅರ್ಥಗಳು ಬಹುಕಾಲ ಜೊತೆಜೊತೆಗೇ ನಡೆದವು ಅನ್ನೋದೇ ಸರಿ. ಕನ್ನಡದಲ್ಲಂತೂ 10ನೇ ಶತಮಾನದ ಹೊತ್ತಿಗೇ ಅದು ಬಿರುದಾಗಿತ್ತು. ರನ್ನನ ಗದಾಯುದ್ಧದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ವಿಷ್ಣುವರ್ಧನ್ ಅವರನ್ನು ನಾವು ‘ಸಾಹಸಸಿಂಹ’ ಅಂತ ಪ್ರೀತಿಯಿಂದ ಕರೆದದ್ದೂ ಇದೇ ಅರ್ಥದಲ್ಲಿ.

ಹಳೆಯ ಕಹಿ ಪೂರ್ತಿ ಹೋಗಿಲ್ಲ. ‘ದುಸ್ಸಾಹಸಕ್ಕೆ ಕೈ ಹಾಕಬೇಡ’ ಅನ್ನುವಾಗ ಅದು ಈಗಲೂ ಕೇಳಿಸುತ್ತದೆ.