ನೀವು ಕೂಗಲಿಲ್ಲ ನಿಜ. ಹೇಡಿ ಅಂತ ಯಾರು ಹೇಳಿದ್ದು?

ಮುಂಬೈ ಹತ್ತಿರದ ಠಾಣೆ ರೈಲ್ವೆ ಸ್ಟೇಷನ್ನಿನ ಸೇತುವೆ ಮೇಲೆ ಒಬ್ಬ ಚಾಕು ತೋರಿಸಿ ಸರ ಕಿತ್ತುಕೊಂಡ, ನಾನು ಬೊಂಬೆ ಹಾಗೆ ನಿಂತುಬಿಟ್ಟೆ, 'ಯಾಕೆ ಕೂಗಲಿಲ್ಲ' ಅಂತ ಮನೆಯವರು ಕೇಳ್ತಾರೆ, ನಾನು ಹೇಡಿಯಾ ಅಂತ ಕೇಳಿದ್ದೀರಿ. ಅಲ್ಲ. ಖಂಡಿತ ಅಲ್ಲ.

ನಾನು ಕುಂದಾಪುರದ ಕಡೆಯವನು. ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಹನ್ನೊಂದು ವರ್ಷ ಗಲ್ಲಾದಲ್ಲಿ ಕೂತವನು. ಒಂದು ರಾತ್ರಿ ಶಟರ್ ಅರ್ಧ ಇಳಿಸಿದ್ದೆವು. ಕುಡಿದು ಬಂದವನೊಬ್ಬ ಸೋಡಾ ಬಾಟಲಿ ಒಡೆದು ನನ್ನ ಕುತ್ತಿಗೆಗೆ ಹಿಡಿದ. ಎಣಿಸುತ್ತಿದ್ದ ಹತ್ತರ ನೋಟುಗಳು ಕೈಯಲ್ಲೇ ನಿಂತವು. ಪಕ್ಕದಲ್ಲೇ ಗಂಟೆ ಇತ್ತು, ಒತ್ತಲಿಲ್ಲ. ಬಾಯಿ ತೆರೆದಿತ್ತು, ಸ್ವರ ಹೊರಡಲಿಲ್ಲ. ಚಹಾ ಮಾಡುವ ಹುಡುಗ ಹಿಂಬಾಗಿಲಿಂದ ಓಡಿದ. ತಟ್ಟೆ ತೊಳೆಯುತ್ತಿದ್ದ ಹಿರಿಯರು, ಯಾರಿಗೂ ಒಂದು ಮಾತು ಜೋರಾಗಿ ಆಡದವರು, ಬಂದು ಅವನ ಮಣಿಕಟ್ಟು ತಿರುಚಿದರು. ಮೂವರಲ್ಲಿ ಒಬ್ಬರೂ ಯೋಚಿಸಿ ಮಾಡಿದ್ದಲ್ಲ. ಆಮೇಲೆ ಪೊಲೀಸರು ಅವನ ಮುಖ ಹೇಗಿತ್ತು ಅಂತ ಕೇಳಿದರೆ ನನಗೆ ಹೇಳಲಾಗಲಿಲ್ಲ. ಒಡೆದ ಗಾಜಿಗೆ ಅಂಟಿಕೊಂಡು ಅಲ್ಲಾಡುತ್ತಿದ್ದ ಲೇಬಲ್ಲಿನ ಚೂರು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ತಿಂಗಳುಗಟ್ಟಲೆ ನಾಚಿಕೆಯಲ್ಲಿ ಬೆಂದೆ. ಆಮೇಲೆ ಓದಲು ಶುರುಮಾಡಿದೆ. ಅಪಾಯ ಕಂಡಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತದಲ್ಲಿ ಹರಿದು ಮೈ ಹೊಡೆದಾಟಕ್ಕೋ ಓಟಕ್ಕೋ ಸಜ್ಜಾಗುವುದನ್ನು ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಲ್ಲೇ ವಿವರಿಸಿದ್ದರು. ಆದರೆ ಮೂರನೆಯದೊಂದಿದೆ: ಮರಗಟ್ಟುವುದು. ಊರಲ್ಲಿ ಕೋಳಿ ಸಾಕಿದವರಿಗೆ ಗೊತ್ತು, ಅದನ್ನು ಅಂಗಾತ ಮಲಗಿಸಿ ಅದುಮಿ ಹಿಡಿದರೆ ಕೈ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಸತ್ತ ಹಾಗೆ ಬಿದ್ದಿರುತ್ತದೆ. ಮನುಷ್ಯನ ಮೈಯಲ್ಲೂ ಆ ಹಳೆಯ ಗುಣ ಉಳಿದಿದೆ. ಬುದ್ಧಿ ಎಚ್ಚೆತ್ತುಕೊಳ್ಳುವ ಮೊದಲೇ ಮೈ ತೀರ್ಮಾನ ಮಾಡಿಯಾಗಿರುತ್ತದೆ.

ಕಾನೂನು ಕೂಡ ಇದನ್ನು ಸ್ವಲ್ಪ ಮಟ್ಟಿಗೆ ಅರ್ಥಮಾಡಿಕೊಂಡಿದೆ. ಹೆಣ್ಣು ಮೈಯಿಂದ ಪ್ರತಿರೋಧ ತೋರಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಒಪ್ಪಿಗೆ ಇತ್ತು ಎನ್ನುವಂತಿಲ್ಲ ಎಂದು 2013ರಲ್ಲಿ ಅತ್ಯಾಚಾರದ ಕಾನೂನಿಗೆ ಸೇರಿಸಿದರು. ನಿಮ್ಮದು ಸರಗಳ್ಳತನ, ಆದರೂ 'ಯಾಕೆ ಕೂಗಲಿಲ್ಲ' ಅನ್ನುವ ಪ್ರಶ್ನೆ ಅಲ್ಲೂ ಇಲ್ಲೂ ಅದೇ. ಕೇಳಿದಷ್ಟು ಸಲವೂ ಗಾಯ ಮತ್ತೆ ಕೆದರುತ್ತದೆ.

2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ರೈಲ್ವೆ ಸ್ಟೇಷನ್ನಿನಲ್ಲಿ ಉಗ್ರರ ಗುಂಡಿನ ದಾಳಿ ನಡೆಯುತ್ತಿದ್ದಾಗ ಅನೌನ್ಸರ್ ವಿಷ್ಣು ಝೆಂಡೆ ಮೈಕ್ ಬಿಡದೆ, ಜನ ಯಾವ ಕಡೆಯಿಂದ ಹೊರಗೆ ಹೋಗಬೇಕು ಅಂತ ಹಿಂದಿ, ಮರಾಠಿಯಲ್ಲಿ ಸಾರುತ್ತಲೇ ಇದ್ದರು. ಅದು ದೊಡ್ಡ ಧೈರ್ಯ. ಅದರ ಜೊತೆಗೆ, ದಿನವೂ ಮಾಡುವ ಕೆಲಸ ಆ ಹೊತ್ತಿಗೆ ನಾಲಿಗೆಗೆ ಒದಗಿತು ಅಂತ ನನಗನಿಸುತ್ತದೆ. ಆ ರಾತ್ರಿ ಅಲ್ಲಿ ಕಲ್ಲಾಗಿ ನಿಂತ ಪ್ರಯಾಣಿಕರೂ ಇದ್ದಿರಬೇಕು, ಅವರನ್ನು ಕಡಿಮೆ ಅಂತ ಯಾರು ಹೇಳಿಯಾರು?

ಹಾಗಾಗಿ ಈಗ ನನ್ನ ಮಗಳಿಗೆ ಟೆರೇಸಿನ ಮೇಲೆ 'ವಾಚವಾ, ವಾಚವಾ' (ಮರಾಠಿಯಲ್ಲಿ 'ಕಾಪಾಡಿ') ಅಂತ ಗಂಟಲು ಬಿರಿಯುವ ಹಾಗೆ ಕೂಗಿಸುತ್ತೇನೆ. ಮೊದಲ ದಿನ ಅವಳ ಸ್ವರ ಪಿಸುಮಾತಿನಷ್ಟಿತ್ತು. ನೀವೂ ಮಾಡಿ ನೋಡಿ. ದೂರು ಇನ್ನೂ ಕೊಟ್ಟಿಲ್ಲವಾದರೆ ನಾಳೆಯೇ ಹೋಗಿ. ಮುಖ ನೆನಪಿಲ್ಲದಿದ್ದರೆ ಇಲ್ಲ ಅನ್ನಿ, ಚಾಕುವಿನ ಹಿಡಿಕೆಯ ಬಣ್ಣ ನೆನಪಿದ್ದರೆ ಅದನ್ನು ಹೇಳಿ. ಮೈ ಮರಗಟ್ಟಿತ್ತು ಅನ್ನುವುದನ್ನೂ ಹಾಗೆಯೇ ಬರೆಸಿ.