ಪದವಿಯ ಹೆಸರಿಗಿಂತ ಜೊತೆಯ ವಿಷಯಗಳನ್ನು ನೋಡಿ

ಪ್ರಶ್ನೆ: ಮಾನ್ಯರೇ, ನಾನು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ನೀಟ್ ಬರೆಯುವ ಮನಸ್ಸಿಲ್ಲ. ಪರಿಸರ ವಿಷಯದಲ್ಲಿ ಪದವಿ ಪಡೆದು ಕಾಡು, ನದಿಗಳಿಗೆ ಸಂಬಂಧಿಸಿದ ಕೆಲಸ ಮಾಡಬೇಕೆಂಬ ಆಸೆಯಿದೆ. ‘ಅದು ಎಲ್ಲ ಕಾಲೇಜಿನಲ್ಲೂ ಇರುವ ಒಂದು ಪೇಪರ್, ಅದನ್ನೇ ಮೂರು ವರ್ಷ ಓದುವುದೇನಿದೆ?’ ಎನ್ನುತ್ತಾರೆ ಅಪ್ಪ. ನಮ್ಮದು ಎರಡು ಎಕರೆ ಅಡಿಕೆ ತೋಟ. ಹೆಚ್ಚಿನ ಶುಲ್ಕ ಕಟ್ಟುವ ಅನುಕೂಲವಿಲ್ಲ. ಯಾವ ಕೋರ್ಸ್ ಸೇರಲಿ?
– ಒಬ್ಬ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ತಂದೆಯವರು ಹೇಳುತ್ತಿರುವ ಪೇಪರ್, ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ನಿರ್ದೇಶನದಿಂದ ಹುಟ್ಟಿದ ಕಡ್ಡಾಯ ಪತ್ರಿಕೆ, ಬಿ.ಕಾಂ. ಓದುವವರೂ ಅದನ್ನು ಪಾಸು ಮಾಡಲೇಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಮುಗಿಸುವ ಆ ಪತ್ರಿಕೆಗೂ ಪರಿಸರ ವಿಜ್ಞಾನದ ಪದವಿಗೂ ಹೆಸರಿನ ನಂಟಷ್ಟೇ ಇದೆ.

ಪದವಿಯ ಓದು ಎಂಥದ್ದೆಂದು ತಂದೆಯವರಿಗೆ ತಿಳಿಸಲು, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ಒಂದು ಪ್ರಯೋಗ ಸಾಕು. ತುಂಗೆಯ ನೀರನ್ನು 300 ಮಿಲಿಲೀಟರ್ ಹಿಡಿಯುವ ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ದಡದಲ್ಲಿಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಬೆರೆಸಿದರೆ, ಕರಗಿದ ಆಮ್ಲಜನಕವಿರುವ ನೀರಿನಲ್ಲಿ ಕಂದು ಗಸಿ ಇಳಿಯುತ್ತದೆ. ಆಮ್ಲಜನಕವೇ ಇಲ್ಲದ ಚರಂಡಿ ನೀರಾದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಬಳಿಕ ಆಮ್ಲ ಹಾಕಿ ಗಸಿಯನ್ನು ಕರಗಿಸಿ, ಪಿಷ್ಟದ ಸೂಚಕ ಸೇರಿಸಿ, ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ನೀಲಿ ಬಣ್ಣ ಮಾಯವಾಗುವ ಆ ಒಂದು ಹನಿಯನ್ನು ಹಿಡಿಯಬೇಕು. ನದಿಯ ಬಗ್ಗೆ ಕಾಳಜಿಯಿದ್ದು, ಹೀಗೆ ಹನಿಹನಿಯಾಗಿ ಅಳೆಯುವ ಟೈಟ್ರೇಷನ್ ಬಗ್ಗೆ ಬೇಸರವಿರುವವರಿಗೆ ಈ ಪದವಿ ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಆಯ್ಕೆಯ ಮಾತು. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯನ್ನು ಜಾರಿಗೆ ತರಲಾಗಿದೆ. ಅದರಲ್ಲಿ ಪರಿಸರ ವಿಜ್ಞಾನದ ಜೊತೆಗೆ ನೀವು ಯಾವ ವಿಷಯಗಳನ್ನು ಓದುತ್ತೀರಿ ಎಂಬುದೇ ಮುಖ್ಯವಾಗುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೇಂದ್ರ ಲೋಕಸೇವಾ ಆಯೋಗವು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪಶುಸಂಗೋಪನೆ ಮತ್ತು ಪಶುವೈದ್ಯ ವಿಜ್ಞಾನ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು ಎನ್ನುತ್ತದೆ. ಈ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ! ಕಾಡಿನ ಸೇವೆಗೆಂದೇ ಪರಿಸರ ವಿಜ್ಞಾನವನ್ನಷ್ಟೇ ಓದಿದವರು ಅರ್ಜಿ ತುಂಬುವ ದಿನ ಇದನ್ನು ಕಂಡು ತಲೆಯ ಮೇಲೆ ಕೈ ಹೊತ್ತುಕೊಳ್ಳಬೇಕಾಗುತ್ತದೆ. ಆದ್ದರಿಂದ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಜೊತೆಗಿರುವ ಸಂಯೋಜನೆಯನ್ನೇ ಆರಿಸಿಕೊಳ್ಳಿ. ಅಂಥದ್ದು ಹತ್ತಿರದಲ್ಲಿ ಸಿಗದಿದ್ದರೆ ಸಾಮಾನ್ಯ ಬಿ.ಎಸ್ಸಿ. ಓದಿ ಎಂ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನಕ್ಕೆ ಬಂದರೂ ನಷ್ಟವೇನಿಲ್ಲ, ಆ ಎಂ.ಎಸ್ಸಿ. ನಿಮ್ಮ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿಯೇ ಇದೆ.

ಆದರೆ ನಿಮ್ಮ ಪತ್ರದಲ್ಲಿ ಕಾಡು ಎಂಬ ಮಾತು ಮೊದಲು ಬಂದಿದೆ. ಹಾಗಾಗಿ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳ ನಾಲ್ಕು ವರ್ಷದ ಬಿ.ಎಸ್ಸಿ. ಅರಣ್ಯಶಾಸ್ತ್ರವನ್ನು ನಿಮ್ಮ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ. ಸರ್ಕಾರಿ ಕಾಲೇಜುಗಳಾದ್ದರಿಂದ ಶುಲ್ಕ ಕೈಗೆಟುಕುವಂತಿರುತ್ತದೆ. ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳೂ ಇದರಲ್ಲಿವೆ, ನಿಮ್ಮ ತೋಟದ ಪಹಣಿ ಇಲ್ಲಿ ಉಪಯೋಗಕ್ಕೆ ಬರಬಹುದು. ಸಿಇಟಿ ಅರ್ಜಿಯಲ್ಲಿಯೇ ಆ ಕೋಟಾವನ್ನು ಗುರುತಿಸಿ, ಬೇಕಾದ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿಯಿದೆ; ಅದಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯ ರ‍್ಯಾಂಕ್ ಬೇಕು, ಪೈಪೋಟಿ ಕಠಿಣ.

ಉದ್ಯೋಗದ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳಿಗೆ ಪ್ರತಿ ವರ್ಷ ಅರ್ಜಿ ಕರೆಯುವುದಿಲ್ಲ. ಕಾರ್ಖಾನೆಗಳ ತ್ಯಾಜ್ಯನೀರು ಘಟಕಗಳು, ನೀರು–ಗಾಳಿ ಪರೀಕ್ಷಿಸುವ ಪ್ರಯೋಗಾಲಯಗಳು, 2006ರ ಅಧಿಸೂಚನೆಯಂತೆ ಯೋಜನೆಗಳ ಪರಿಸರ ಪರಿಣಾಮದ ವರದಿ ಸಿದ್ಧಪಡಿಸುವ ಸಂಸ್ಥೆಗಳು ಪರಿಸರ ವಿಜ್ಞಾನ ಓದಿದವರನ್ನು ತೆಗೆದುಕೊಳ್ಳುತ್ತವೆಯಾದರೂ, ಬರಿಯ ಬಿ.ಎಸ್ಸಿ.ಗೆ ಸಿಗುವ ಸಂಬಳ ಕಡಿಮೆ. ಹೀಗಾಗಿ ಮೂರು ವರ್ಷದ ಬದಲು ಎಂ.ಎಸ್ಸಿ.ಯೂ ಸೇರಿ ಐದು ವರ್ಷದ ಲೆಕ್ಕ ಹಾಕಿ ಮನೆಯವರೊಡನೆ ಮಾತನಾಡಿ. ಯಾವ ಕಾಲೇಜಿಗೆ ಸೇರುವ ಮುನ್ನವೂ ಅಲ್ಲಿ ಬಿಓಡಿ ಇನ್‌ಕ್ಯುಬೇಟರ್ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕವನ್ನು ಅಳೆಯಲು ಮಾದರಿಗಳನ್ನು ಒಂದೇ ಉಷ್ಣಾಂಶದಲ್ಲಿಡುವ ಪೆಟ್ಟಿಗೆ) ಇದೆಯೇ, ಅದು ಕೆಲಸ ಮಾಡುತ್ತಿದೆಯೇ, ವರ್ಷಕ್ಕೆ ಎಷ್ಟು ದಿನ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯುತ್ತಾರೆ ಎಂದು ಕೇಳಿ. ಪ್ರಾಂಶುಪಾಲರನ್ನಲ್ಲ, ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕೇಳಿ.

ಪ್ರಶ್ನೆ: ಪಿಯುಸಿಯಲ್ಲಿ ಕಲಾ ವಿಭಾಗ ಓದಿದವನು ನಾನು. ಪರಿಸರ ಕ್ಷೇತ್ರದಲ್ಲಿ ನನಗೆ ಅವಕಾಶವೇ ಇಲ್ಲವೇ?
– ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಪ್ರಯೋಗಾಲಯದ ಕೆಲಸಕ್ಕೆ ಅವಕಾಶವಿಲ್ಲ, ಉಳಿದದ್ದಕ್ಕೆ ಇದೆ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ನ್ಯಾಯಾಲಯದ ಆದೇಶದಿಂದ. 2006ರ ಅರಣ್ಯ ಹಕ್ಕು ಕಾಯ್ದೆ, 2010ರ ಹಸಿರು ನ್ಯಾಯಮಂಡಳಿ ಕಾಯ್ದೆಗಳನ್ನು ಓದಿ ಅರ್ಥ ಮಾಡಿಕೊಂಡು ಹಳ್ಳಿಯವರಿಗೆ ತಿಳಿಸಬಲ್ಲ ವಕೀಲರು ಇಂದಿಗೂ ಕಡಿಮೆ. ನೀವು ಭೂಗೋಳ ಮತ್ತು ಅರ್ಥಶಾಸ್ತ್ರ ಇರುವ ಬಿ.ಎ. ಸೇರಿ, ಕಾನೂನಿನ ಆಸಕ್ತಿ ಉಳಿದರೆ ಮುಂದೆ ಮೂರು ವರ್ಷದ ಎಲ್ಎಲ್.ಬಿ. ಮಾಡಬಹುದು. ಭೂಗೋಳದ ವಿದ್ಯಾರ್ಥಿಗೆ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆಗಳನ್ನು ಮಾಹಿತಿಯೊಡನೆ ಜೋಡಿಸಿ ನೋಡುವ ತಂತ್ರ, ಬರಲೇಬೇಕು. ಅದಕ್ಕೆಂದೇ ಇರುವ ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ರಜೆಯಲ್ಲಿ ಅದನ್ನು ಕಲಿತು, ಹಳೆಯ ಸರ್ವೆ ನಕ್ಷೆಯಲ್ಲಿರುವ ನಿಮ್ಮೂರ ಕೆರೆಯ ಅಂಚನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ನೋಡಿ.