ಸಂಜೆ 5ರ ಫೆರಿಗೆ ಬೆಳಗ್ಗೆ 6ಕ್ಕೆ ಹೊರಟರೆ ಸಾಲದು

ಕಾರನ್ನೂ ಹಡಗಿಗೆ ಹತ್ತಿಸಬೇಕು, ಬಂದರಿನವರೆಗಿನ 620 ಕಿ.ಮೀ.ಗೆ ಮ್ಯಾಪ್ 9 ಗಂಟೆ ತೋರಿಸುತ್ತಿದೆ, ಬೆಳಗ್ಗೆ 6ಕ್ಕೆ ಹೊರಟರೂ ಇನ್ನೂ 2 ಗಂಟೆ ಕೈಯಲ್ಲಿರುತ್ತದೆ ಎಂದಿದ್ದೀರಿ. ಲೆಕ್ಕ ತಪ್ಪಿರುವುದು ಅಲ್ಲೇ. 5 ಗಂಟೆ ಎಂಬುದು ಹಡಗು ಹೊರಡುವ ಹೊತ್ತು, ನೀವು ತಲುಪಬೇಕಾದ ಹೊತ್ತಲ್ಲ.

ವಾಹನಗಳ ಚೆಕ್-ಇನ್ ಸಾಮಾನ್ಯವಾಗಿ 30ರಿಂದ 90 ನಿಮಿಷ ಮೊದಲೇ ಮುಚ್ಚುತ್ತದೆ. ಕಂಪನಿಗೊಂದು ನಿಯಮ, ಟಿಕೆಟ್‌ನಲ್ಲಿ ಇರುವುದೇ ಅಂತಿಮ. ಚೆಕ್-ಇನ್ ಮುಚ್ಚುವುದು 3.30ಕ್ಕೆ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ: ಓಟ 9 ಗಂಟೆ, ಎರಡು ಗಂಟೆಗೊಮ್ಮೆ 15 ನಿಮಿಷ ನಿಂತರೆ 1 ಗಂಟೆ, ಊಟಕ್ಕೂ ಇಂಧನಕ್ಕೂ 45 ನಿಮಿಷ. ಬೆಳಗ್ಗೆ 4.45ಕ್ಕೇ ಹೊರಡಬೇಕು, ಅದೂ ಒಂದು ಟ್ರಾಫಿಕ್ ಜಾಮ್ ಕೂಡ ಸಿಗದಿದ್ದರೆ. ಹಿಂದಿನ ದಿನವೇ 450 ಕಿ.ಮೀ. ಮುಗಿಸಿ ತಂಗಿ, ಹಡಗಿನ ದಿನಕ್ಕೆ 170 ಮಾತ್ರ ಉಳಿಸಿಕೊಳ್ಳಿ.

ಆಮೇಲೆ ರೂಫ್ ಬಾಕ್ಸ್, ಅಂದರೆ ಕಾರಿನ ಮೇಲೆ ಕೂರಿಸುವ ಸಾಮಾನಿನ ಪೆಟ್ಟಿಗೆ. ಕಾರಿನ ಕೈಪಿಡಿಯ ಎತ್ತರವನ್ನೇ ಬುಕಿಂಗ್‌ನಲ್ಲಿ ತುಂಬಿದ್ದರೆ ಈಗಲೇ ತಿದ್ದಿಸಿ. ಬಾಕ್ಸ್ ಕೂರಿಸಿ, ನೆಲದಿಂದ ತುದಿಯವರೆಗೆ ಟೇಪ್ ಹಿಡಿದು ಅಳೆಯಿರಿ. ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದು ಉದ್ದಕ್ಕೆ ಸೇರುತ್ತದೆ. ಸೂರು ತಗ್ಗಿರುವ ಡೆಕ್‌ನಲ್ಲಿ (ಹಡಗಿನಲ್ಲಿ ವಾಹನ ನಿಲ್ಲಿಸುವ ಅಂತಸ್ತು) ಹಿಡಿಸದ ಗಾಡಿಗೆ ಎತ್ತರದ ಸಾಲಿನಲ್ಲಿ ಜಾಗ ಬೇಕು. ಅದು ತುಂಬಿದ್ದರೆ ಮುಂದಿನ ಹಡಗೇ ಗತಿ.

ಹಡಗಿನೊಳಗೆ ಗೇರ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಅಲಾರಂನ ಚಲನೆ ಸೆನ್ಸರ್ ಆಫ್ ಮಾಡಿ, ಇಲ್ಲವಾದರೆ ಹಡಗಿನ ತೂಗಾಟಕ್ಕೆ ಕೂಗಿ ಕೂಗಿ ಬ್ಯಾಟರಿ ಇಳಿಯುತ್ತದೆ. ಪ್ರಯಾಣದಲ್ಲಿ ಕಾರ್ ಡೆಕ್‌ಗೆ ಸಾಮಾನ್ಯವಾಗಿ ಬೀಗ ಬೀಳುವುದರಿಂದ ಔಷಧಿ, ಸ್ವೆಟರ್, ಚಾರ್ಜರ್ ಮೊದಲೇ ಕೈಚೀಲಕ್ಕೆ ಹಾಕಿಕೊಳ್ಳಿ. ಕ್ಯಾನ್‌ನಲ್ಲಿ ಹೆಚ್ಚುವರಿ ಪೆಟ್ರೋಲ್ ಒಯ್ಯಬೇಡಿ.